ಹ್ಯಾಂಬರ್ಗಿಗೆ ಹೊರಟ ಕೌದಿ

ವೀಸಾ ಬಂದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ನಮ್ಮ ಬಿಲ್ಡಿಂಗಿನ ನಾಲ್ಕೂ ಮಹಡಿ ಹತ್ತಿ ಇಳಿದದ್ದು. ಲಿಫ್ಟ್ ಇತ್ತು. ಆದರೆ ಲಿಫ್ಟಿನಲ್ಲಿ ಹೋದರೆ ಬಾಗಿಲು ಬಾಗಿಲಿಗೆ ನಿಂತು ಸುದ್ದಿ ಹೇಳಲು ಆಗುವುದಿಲ್ಲ. ಅರವತ್ತಮೂರು ವರ್ಷದ ಗಂಡಸು ಹೀಗೆ ಕುಣಿದರೆ ಚೆನ್ನಾಗಿ ಕಾಣುವುದಿಲ್ಲ ಎಂದು ನನ್ನ ಹೆಂಡತಿ ಪುಟ್ಟಲಕ್ಷ್ಮಿ ಹೇಳಿದಳು. ಕಾಣಲಿ ಬಿಡಲಿ, ನಾನು ಹ್ಯಾಂಬರ್ಗಿಗೆ ಹೊರಟಿದ್ದೆ.

ನನ್ನ ಹೆಸರು ನಾರಾಯಣ. ಮೈಸೂರಿನವನು. ಮುಂಬೈಯ ವಡಾಲಕ್ಕೆ ಬಂದು ಮೂವತ್ತೇಳು ವರ್ಷವಾದರೂ ಎಲ್ಲರ ಬಾಯಲ್ಲೂ ನಾಣಿಯೇ. ಬಂದರಿನ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಯುರೋಪಿಗೆ ಹೋಗುವ ಸರಕಿನ ಕಾಗದಗಳು ನನ್ನ ಟೇಬಲ್ ದಾಟಿಯೇ ಮುಂದಕ್ಕೆ ಹೋಗಬೇಕು. ರೋಟರ್‌ಡ್ಯಾಮ್, ಆಂಟ್‌ವರ್ಪ್, ಹ್ಯಾಂಬರ್ಗ್ ಎಂದು ದಿನವೂ ಬರೆಯುವುದು, ಮೊಹರು ಒತ್ತುವುದು. ಒಂದು ವರ್ಷ ಯಾವುದೋ ಹಡಗಿನ ಕಂಪನಿ ಹ್ಯಾಂಬರ್ಗಿನ ಹನ್ನೆರಡು ಚಿತ್ರಗಳಿದ್ದ ಕ್ಯಾಲೆಂಡರ್ ಹಂಚಿತು. ನೀರಿನೊಳಗೇ ಕಾಲಿಟ್ಟು ನಿಂತ ಕೆಂಪು ಇಟ್ಟಿಗೆಯ ಗೋದಾಮುಗಳು, ಎಲ್ಬ್ ನದಿ, ತೇಲುವ ಹಡಗುಕಟ್ಟೆ. ನಾನು ಹಾಳಾದದ್ದು ಆ ವರ್ಷವೇ. ರಿಟೈರ್ ಆದಮೇಲೆ ಮೊಬೈಲಿನ ಮ್ಯಾಪಿನಲ್ಲಿ ಆ ಊರಿನ ಬೀದಿ ಬೀದಿ ಸುತ್ತಿದೆ. ಲಾಂಡುಂಗ್ಸ್‌ಬ್ರೂಕೆನ್ ಕಟ್ಟೆಯಿಂದ ಮೀನು ಮಾರ್ಕೆಟ್ಟಿಗೆ ದಾರಿ ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ವಡಾಲದ ಹೊಸ ಫ್ಲೈಓವರಿನ ಕೆಳಗೆ ಮಾತ್ರ ಈಗಲೂ ದಾರಿ ತಪ್ಪುತ್ತೇನೆ.

ಆದರೆ ಆಹ್ವಾನ ಬಂದದ್ದು ನನಗಲ್ಲ, ಗುರುಬಾಯಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮಧ್ಯದಲ್ಲಿ ಅದನ್ನು ನಾನೇ ಮರೆತುಬಿಟ್ಟಿದ್ದೆ.

ಗುರುಬಾಯಿ ಸಿಂದಗಿ ಕಡೆಯವರು. ನಲವತ್ತು ವರ್ಷದ ಹಿಂದೆ ಗಂಡನ ಜೊತೆ ಮುಂಬೈಗೆ ಬಂದು, ಕಟ್ಟಡಗಳಲ್ಲಿ ಸಿಮೆಂಟಿನ ಪುಟ್ಟಿ ಹೊತ್ತವರು. ಗಂಡ ಹೋದರು, ಮೊಣಕಾಲೂ ಹೋಯಿತು. ಈಗ ಜೋಗೇಶ್ವರಿಯ ಚಾಳಿನಲ್ಲಿ ಮಗ ಶಿವಪುತ್ರನ ಜೊತೆ ಇದ್ದಾರೆ. ಅವನು ಅಲ್ಲೇ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಾನೆ, ಇವರು ಕೌದಿ ಹೊಲಿಯುತ್ತಾರೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಧಾರಾವಿಯ ಹೊಲಿಗೆ ಅಂಗಡಿಗಳಿಂದ ಚೀಲಗಟ್ಟಲೆ ತಂದ ಬಣ್ಣದ ಚೂರುಗಳನ್ನು ಜೋಡಿಸಿ, ಕೈಯಲ್ಲೇ ಸಾಲು ಸಾಲಾಗಿ ಹೊಲಿಯುವ ಹೊದಿಕೆ ಅದು. ಪುಟ್ಟಲಕ್ಷ್ಮಿ ತನ್ನ ತಾಯಿಯ ಸೀರೆಗಳನ್ನು ಕೊಟ್ಟು ಒಂದು ಕೌದಿ ಮಾಡಿಸಿದಳು. ಮಾಟುಂಗದಲ್ಲಿ ನಮ್ಮ ಕನ್ನಡದ ಹೆಂಗಸರು ನಡೆಸಿದ ಪ್ರದರ್ಶನದಲ್ಲಿ ಅದನ್ನು ತೂಗುಹಾಕಿದಾಗ ಉರ್ಸುಲಾ ಎಂಬಾಕೆ ಬಂದು ಅದರ ಎದುರು ಅರ್ಧ ಗಂಟೆ ನಿಂತರು. ಆಕೆ ಹ್ಯಾಂಬರ್ಗಿನ ಒಂದು ಮ್ಯೂಸಿಯಮ್ಮಿನಲ್ಲಿ ಬಟ್ಟೆಗಳ ವಿಭಾಗ ನೋಡಿಕೊಳ್ಳುವವರು.

ಆರು ತಿಂಗಳಾದಮೇಲೆ ಪತ್ರ ಬಂತು. ಸೆಪ್ಟೆಂಬರಿನಲ್ಲಿ ಹತ್ತು ದಿನ ಗುರುಬಾಯಿ ಹ್ಯಾಂಬರ್ಗಿಗೆ ಬಂದು, ಮ್ಯೂಸಿಯಮ್ಮಿನ ಅಂಗಳದಲ್ಲಿ ಜನರ ಎದುರು ಕೌದಿ ಹೊಲಿಯಬೇಕು. ಹೊಲಿದು ಮುಗಿಸಿದ ಐದನ್ನು ಜೊತೆಗೆ ತರಬೇಕು. ಕನ್ನಡ, ಇಂಗ್ಲಿಷ್ ಎರಡೂ ಬರುವ ಒಬ್ಬರು ದುಭಾಷಿಯಾಗಿ ಬರಬಹುದು. ಶಿವಪುತ್ರ ನಮ್ಮ ಮನೆಗೆ ಬಂದು, ಅವ್ವನ ಜೋಡಿ ಯಾರನ್ನು ಕಳಿಸುವುದು ಎಂದು ಬಾಯಿ ತೆರೆಯುವಷ್ಟರಲ್ಲಿ ನಾನು ಹೂಂ ಎಂದಾಗಿತ್ತು. ಪುಟ್ಟಲಕ್ಷ್ಮಿ ಆ ಹೂಂ ಅನ್ನು ಈಗಲೂ ಆಡಿ ತೋರಿಸಿ ನಗುತ್ತಾಳೆ. ತನಗೆ ವಿಮಾನ ಬೇಡವೇ ಬೇಡ, ಹತ್ತು ದಿನ ಮನೆಯಲ್ಲಿ ನಾನಿರದಿದ್ದರೆ ಅದೇ ತನ್ನ ಪ್ರವಾಸ ಎಂದು ಅವಳು ಖುಷಿಯಾಗಿಯೇ ಒಪ್ಪಿದಳು.

ಅಲ್ಲಿಂದ ಪ್ರತಿ ಗುರುವಾರ ಹಾರ್ಬರ್ ಲೈನಿನ ಲೋಕಲ್ ಹತ್ತಿ ಜೋಗೇಶ್ವರಿಗೆ ಹೋಗುವುದು ನನ್ನ ಕೆಲಸವಾಯಿತು. ಹ್ಯಾಂಬರ್ಗಿನ ಜನ ಬೆಳಿಗ್ಗೆ ಸಂಜೆ ಎನ್ನದೆ ಯಾರು ಸಿಕ್ಕರೂ 'ಮೊಯಿನ್' ಎನ್ನುತ್ತಾರೆ ಎಂದು ಹೇಳಿಕೊಟ್ಟೆ. ಮುಂದಿನ ವಾರ ಹೋಗುವಷ್ಟರಲ್ಲಿ ಗುರುಬಾಯಿ ಅದನ್ನು ಇಡೀ ಚಾಳಿಗೆ ಕಲಿಸಿದ್ದರು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರೆಲ್ಲ ನನ್ನನ್ನು ಕಂಡು ಮೊಯಿನ್ ಎಂದರು. ಜೀವನದಲ್ಲಿ ಮೊದಲ ಸಲ ಕಾಲುಚೀಲ ಕೊಂಡಿದ್ದ ಗುರುಬಾಯಿ, ಅದನ್ನು ಹಾಕಿಕೊಂಡು ಕೋಣೆಯ ತುಂಬ ಓಡಾಡಿ ಅಭ್ಯಾಸ ಮಾಡುತ್ತಿದ್ದರು. ಅವರ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಅಲ್ಲಿ ಬಿಸಿಲು ಬೀಳುತ್ತದೆಯೇ, ಹೆಂಗಸರು ಹೊಲಕ್ಕೆ ಹೋಗುತ್ತಾರೆಯೇ, ಜೋಳ ಬೆಳೆಯುತ್ತಾರೆಯೇ ಎಂದು ಕೇಳುತ್ತಿದ್ದರು. ನನಗೆ ಗೊತ್ತಿದ್ದದ್ದು ಹಡಗುಕಟ್ಟೆ ಮಾತ್ರ. ಗೊತ್ತಿಲ್ಲದ್ದಕ್ಕೂ ಗೊತ್ತಿದ್ದವನಂತೆ ಉತ್ತರ ಕೊಟ್ಟೆ.

ಹೊರಡುವುದಕ್ಕೆ ಹದಿನೆಂಟು ದಿನ ಉಳಿದಿರುವಾಗ ಮ್ಯೂಸಿಯಮ್ಮಿನಿಂದ ಒಂದು ಫಾರ್ಮ್ ಬಂತು. ಇಂಥ ಫಾರ್ಮುಗಳನ್ನು ನಾನು ಸಾವಿರಗಟ್ಟಲೆ ನೋಡಿದ್ದೇನೆ. ಅಳತೆ, ತೂಕ, ಬಟ್ಟೆಯ ಬಗೆ, ಕೊನೆಗೊಂದು ಸಹಿ. ಜೋಗೇಶ್ವರಿಗೆ ಹೋಗಿ ಗುರುಬಾಯಿಯ ಎದುರು ಕೂತು ಗಡಗಡನೆ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಒಳಗೆ ತಿನ್ನುವ ಪದಾರ್ಥ, ಕಾಳು, ಬೀಜ ಏನೂ ಇಲ್ಲ ಎಂದು ದೃಢೀಕರಿಸಬೇಕು ಎಂಬ ಸಾಲಿಗೆ ಬಂದಾಗ ಉತ್ತರಕ್ಕೂ ಕಾಯದೆ ಇಲ್ಲ ಎಂದು ಗುರುತು ಹಾಕಲು ಹೊರಟೆ.

"ಒಳಗ ಅದ ರೀ," ಎಂದರು ಗುರುಬಾಯಿ.

ಏನಿದೆ ಎಂದು ಕೇಳಿದೆ.

"ರೊಟ್ಟಿ ಚೂರು, ನಾಕು ಕಾಳು ಜ್ವಾಳ. ಐದರಾಗೂ ಅದ. ಕೌದಿ ಖಾಲಿ ಹೊಟ್ಟೀಲೆ ಯಾರಿಗೂ ಕೊಡಬಾರದು. ಅದು ಹಸದಿದ್ರ ಹೊಚಗೊಂಡವರೂ ಹಸದಿರತಾರ."

ಅವರ ಅಮ್ಮ, ಅಜ್ಜಿ ಎಲ್ಲರೂ ಹಾಗೆಯೇ ಮಾಡಿದವರಂತೆ. ನಾಲ್ಕನೆಯ ಮೂಲೆಯನ್ನು ಮುಚ್ಚುವ ಮುಂಚೆ ಒಳಗೆ ಒಂದು ತುತ್ತು ಇಟ್ಟು ಹೊಲಿದರೆ ಮಾತ್ರ ಕೌದಿ ಪೂರ್ತಿಯಾದ ಲೆಕ್ಕ. ಅದನ್ನು ತೆಗೆದುಬಿಡೋಣ, ಬೆರಳಗಲ ಬಿಚ್ಚಿ ಮತ್ತೆ ಹೊಲಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ಹೇಳಿದೆ. ಗುರುಬಾಯಿ ಒಪ್ಪಲಿಲ್ಲ. ಉಂಡವರ ಬಾಯಿಂದ ತುತ್ತು ತೆಗೆಯುವುದು ತನ್ನಿಂದ ಆಗದು ಎಂದರು. ಹಾಗಾದರೆ ಅವರು ಬಿಡುವುದಿಲ್ಲ ಎಂದೆ. ಬಿಡದಿದ್ದರೆ ಬೇಡ, ತಾನು ಇಲ್ಲೇ ಚೆನ್ನಾಗಿದ್ದೇನೆ ಎಂದು ಚಹಾಕ್ಕೆ ನೀರಿಟ್ಟರು.

ವಾಪಸ್ ಬರುವಾಗ ಲೋಕಲಿನಲ್ಲಿ ಕೂರಲು ಜಾಗ ಸಿಕ್ಕಿತ್ತು, ಆದರೂ ನಿಂತೇ ಬಂದೆ. ಅಷ್ಟು ಸಿಟ್ಟು. ಒಂದು ಉಗುರಿನಷ್ಟು ರೊಟ್ಟಿ ನನಗೂ ಹ್ಯಾಂಬರ್ಗಿಗೂ ಅಡ್ಡ ಬಂತಲ್ಲ. ಇಲ್ಲ ಎಂದು ಗುರುತು ಹಾಕಿ ಕಳಿಸಿಬಿಡಬಹುದಿತ್ತು. ಆದರೆ ಸುಳ್ಳು ಬರೆದ ಕಾಗದಗಳನ್ನು ಮೂವತ್ತನಾಲ್ಕು ವರ್ಷ ಹುಡುಕಿ ಹುಡುಕಿ ವಾಪಸ್ ಕಳಿಸಿದವನು ನಾನು. ಪೆನ್ನು ಹಿಡಿದರೆ ಕೈ ಏಳಲಿಲ್ಲ. ಆಮೇಲೆ ನನ್ನ ತಲೆಗೆ ಹೊಳೆದದ್ದು ಸುಳ್ಳಿಗಿಂತ ಕೆಟ್ಟದ್ದು. ಐದೂ ಕೌದಿ ನಮ್ಮ ಮನೆಯ ಬೀರುವಿನಲ್ಲೇ ಇದ್ದವು. ಮಳೆಗಾಲದಲ್ಲಿ ಚಾಳಿನ ಕೋಣೆ ಒದ್ದೆಯಾಗುತ್ತದೆ ಎಂದು ಗುರುಬಾಯಿ ನಂಬಿ ಕೊಟ್ಟಿದ್ದರು. ನಾನೇ ಬಿಚ್ಚಿ ತೆಗೆದುಬಿಟ್ಟರೆ ಫಾರ್ಮಿನಲ್ಲಿ ಬರೆದದ್ದು ನಿಜವಾಗುತ್ತದೆ.

ಮಾರನೆಯ ದಿನ ಪುಟ್ಟಲಕ್ಷ್ಮಿ ಮಾಟುಂಗಕ್ಕೆ ತರಕಾರಿಗೆ ಹೋದದ್ದೇ ತಡ, ಅವಳ ಸಣ್ಣ ಕತ್ತರಿ ಹುಡುಕಿಕೊಂಡು ಕೂತೆ. ಹಸಿರು ಅಂಚಿನ ಕೌದಿಯನ್ನು ಮಂಚದ ಮೇಲೆ ಹರವಿದೆ. ಯಾವ ಮೂಲೆ ಎಂದು ತಿಳಿಯುವುದೇ ಕಷ್ಟವಾಯಿತು, ಅಷ್ಟು ಒಂದೇ ಸಮನಾದ ಹೊಲಿಗೆ. ಬೆರಳಿನಿಂದ ಒತ್ತಿ ಒತ್ತಿ ನೋಡಿ, ಕೊನೆಗೆ ಗಟ್ಟಿಯಾದದ್ದೇನೋ ತಾಕಿದ ಕಡೆ ಕತ್ತರಿ ತೂರಿಸಿದೆ. ಏಳೆಂಟು ಹೊಲಿಗೆ ಹೋಗುವಷ್ಟರಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟೊಂದು ಕೈಗೆ ಬಂತು. ಒಳಗೆ ರೊಟ್ಟಿಯ ಚೂರು, ನಾಲ್ಕೇ ನಾಲ್ಕು ಜೋಳದ ಕಾಳು. ಇಂಥದ್ದೊಂದು ಪುಟ್ಟ ಗಂಟನ್ನು ಯಾರಿಗೂ ಕಾಣದ ಕಡೆ ಇಡುವಾಗಲೂ ಆಕೆ ಅದರ ಬಾಯಿಗೆ ಒಪ್ಪವಾಗಿ ದಾರ ಸುತ್ತಿದ್ದರು.

ನನಗೆ ನಾಚಿಕೆಯಾಯಿತು. ಊಟಕ್ಕೆ ಕೂತವರ ತಟ್ಟೆಗೆ ಕೈ ಹಾಕಿದ ಹಾಗಾಯಿತು. ಉಳಿದ ನಾಲ್ಕನ್ನು ಮುಟ್ಟಲು ಮನಸ್ಸು ಬರಲಿಲ್ಲ, ಇದನ್ನು ಮೊದಲಿನಂತೆ ಹೊಲಿಯಲು ಬರಲಿಲ್ಲ. ಗಂಟನ್ನು ಅಂಗೈಯಲ್ಲಿ ಹಿಡಿದು ಹಾಗೆಯೇ ಕೂತಿದ್ದಾಗ ಪುಟ್ಟಲಕ್ಷ್ಮಿ ಬಂದಳು. ಕತ್ತರಿ ನೋಡಿದಳು, ಕೌದಿ ನೋಡಿದಳು. ಅವಳಿಗೆ ಫಾರ್ಮಿನ ವಿಷಯ ಹಿಂದಿನ ದಿನವೇ ಹೇಳಿದ್ದೆ, ಆದ್ದರಿಂದ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ನೀವೇ ತಗೊಂಡು ಹೋಗಿ ಅವರ ಕೈಗೆ ಕೊಟ್ಟು ಹೇಳ್ಬೇಕು," ಎಂದಳು. "ನಾನು ಜೊತೇಲಿ ಬರಲ್ಲ."

ಅಂದೇ ಸಂಜೆ ಜೋಗೇಶ್ವರಿಗೆ ಒಯ್ದು ಕೊಟ್ಟೆ. ಗುರುಬಾಯಿ ನಾನು ಬಿಚ್ಚಿದ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಗಂಟನ್ನು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು.

"ಕೇಳಿದ್ರಿ, ಇಲ್ಲ ಅಂದೆ. ಇಲ್ಲ ಅಂದ ಮ್ಯಾಲ ಕಳ್ಳರಂಗ ಬಿಚ್ಚಿದ್ರಿ. ಇಂಥವರ ಜೋಡಿ ನಾ ಅಷ್ಟ ದೂರ ಹ್ಯಾಂಗ ಬರಲಿ?"

ಮಾರನೆಯ ದಿನ ಶಿವಪುತ್ರ ಬಂದು ಉಳಿದ ನಾಲ್ಕು ಕೌದಿಯನ್ನೂ ಒಯ್ದ. ಅವ್ವ ಬರುವುದಿಲ್ಲವಂತೆ ಎಂದು ನನ್ನ ಮುಖ ನೋಡದೆ ಹೇಳಿದ. ನಾಲ್ಕೂ ಮಹಡಿಯವರು ಎದುರಿಗೆ ಸಿಕ್ಕಾಗ ಪ್ಯಾಕಿಂಗ್ ಆಯಿತೇ ಎಂದು ಕೇಳುತ್ತಿದ್ದರು. ನಾನು ಲಿಫ್ಟಿನಲ್ಲಿ ಓಡಾಡತೊಡಗಿದೆ.

ಎರಡು ದಿನ ಕಳೆದಮೇಲೆ ಉರ್ಸುಲಾ ಅವರಿಗೆ ಮೇಲ್ ಬರೆದೆ. ಕೌದಿಗೆ ತುತ್ತು ಉಣಿಸುವ ಪದ್ಧತಿ, ಅದನ್ನು ಬಿಚ್ಚಿ ತೆಗೆಯಲು ಗುರುಬಾಯಿ ಒಪ್ಪದಿರುವುದು, ಆದ್ದರಿಂದ ಬರಲಾಗುವುದಿಲ್ಲ ಎಂಬುದು ಎಲ್ಲ ವಿವರವಾಗಿ ಬರೆದೆ. ಕತ್ತರಿಯ ವಿಷಯ ಮಾತ್ರ ಬರೆಯಲಿಲ್ಲ. ಅಲ್ಲಿಗೆ ಹ್ಯಾಂಬರ್ಗ್ ಮುಗಿಯಿತು ಎಂದುಕೊಂಡೆ.

ಬೆಳಿಗ್ಗೆ ಉತ್ತರ ಬಂದಿತ್ತು. ನಿಯಮ ಸಡಿಲಿಸುವುದು ಆಕೆಯ ಕೈಯಲ್ಲಿಲ್ಲ, ಕಾಳಿನ ಜೊತೆ ಹುಳ ಬಂದರೆ ಇನ್ನೂರು ಮುನ್ನೂರು ವರ್ಷದ ಬಟ್ಟೆಗಳು ಹಾಳಾಗುತ್ತವೆ. ಆದರೆ ಗುರುಬಾಯಿಯನ್ನು ಒಂದು ಮಾತು ಕೇಳಿ ಹೇಳಬೇಕಂತೆ. ಕೌದಿಗೆ ತುತ್ತು ಇಡಬೇಕಾದವರು ಯಾರು, ಹೊಲಿದವರೋ ಅಥವಾ ಹೊದೆಯುವವರೋ? ಅದು ಯಾರ ಮನೆಯ ಊಟ ಉಣ್ಣಬೇಕು?

ಈ ಪ್ರಶ್ನೆ ನನಗೆ ಯಾಕೆ ಹೊಳೆಯಲಿಲ್ಲ ಎಂದು ಯೋಚಿಸುತ್ತಲೇ ರೈಲು ಹತ್ತಿದೆ. ಗುರುಬಾಯಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಒಳಗೆ ಕರೆಯಲಿಲ್ಲ. ಮೊಬೈಲಿನಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಓದಲು ಬಾರದಿದ್ದರೂ ಇಸಿದುಕೊಂಡು ನೋಡಿದರು. ಎರಡು ಸಲ ಓದಿಸಿದರು.

"ಅಕಿ ಛಲೋ ಕೇಳ್ಯಾಳ," ಎಂದರು ಕೊನೆಗೆ. "ನಮ್ಮವ್ವ ಬ್ಯಾರೆಯವರ ಮನಿಗೆ ಹೊಲದ್ರ ಅವರ ರೊಟ್ಟಿನ ಕೇಳಿ ಹಾಕತಿದ್ಳು. ಈ ಐದು ನನ್ನ ರೊಟ್ಟಿ ತಿಂದಾವು. ಇವು ಇಲ್ಲೇ ಇರ್ಲಿ. ಅಕಿ ಮನ್ಯಾಗ ಮಲಗೂ ಕೌದಿ ಅಕಿ ರೊಟ್ಟಿ ತಿನ್ನಬೇಕ."

ಎಂದರೆ ಏನು ಎಂದು ನಾನು ಕೇಳುವ ಮೊದಲೇ ಅವರು ಪಕ್ಕದ ಕೋಣೆಯ ಸುಂದ್ರವ್ವನನ್ನು ಕೂಗಿದರು. ಹೊಸ ಕೌದಿ ಹೊಲಿಯುವುದು, ನಾಲ್ಕನೆಯ ಮೂಲೆಯನ್ನು ಬಿಚ್ಚಿಯೇ ಇಟ್ಟು ಒಯ್ಯುವುದು, ಅಲ್ಲಿನ ತುತ್ತು ಇಟ್ಟು ಅಲ್ಲೇ ಮುಚ್ಚುವುದು ಎಂದರು. ಹೊರಡಲು ಹದಿಮೂರು ದಿನ ಇತ್ತು. ಒಬ್ಬರಿಂದ ಒಂದೂ ಆಗುವುದಿಲ್ಲ, ಎಂಟು ಹೆಂಗಸರು ಕೂತರೆ ಮೂರು ಆಗುತ್ತದೆ ಎಂದು ಸುಂದ್ರವ್ವ ಹೇಳಿದರು. ನಾನು ಅಲ್ಲೇ ನಿಂತು ಉರ್ಸುಲಾ ಅವರಿಗೆ ಬರೆದೆ. ಮೂರು ಸಾಕು, ಅವು ಮ್ಯೂಸಿಯಮ್ಮಿನ ಉಗ್ರಾಣಕ್ಕೆ ಹೋಗುವುದೇ ಬೇಡ, ಮೂರು ಮನೆಗಳಿಗೆ ಹೋಗಲಿ, ಒಂದು ತನ್ನ ಮನೆಗೆ ಎಂದು ಹತ್ತು ನಿಮಿಷದಲ್ಲಿ ಉತ್ತರ ಬಂತು. ಆ ಮೇಲ್ ಓದಿ ನಾನು ಗಟಾರ ಹಾರಿ ಚಾಳಿನ ಆ ತುದಿಗೆ ಓಡಿದೆ, ಯಾಕೆ ಎಂದು ಕೇಳಬೇಡಿ.

ನಾನು ಜೊತೆಯಲ್ಲಿ ಬರಬಹುದೇ ಎಂದು ಹೆದರಿಕೊಂಡೇ ಕೇಳಿದೆ. "ಬರ್ರಿ," ಎಂದರು ಗುರುಬಾಯಿ. "ಮಾತಾಡಾಕ ಬಾಯಿ ಬೇಕಲ್ಲ. ಕತ್ರಿ ಮಾತ್ರ ನಿಮ್ಮ ಕೈಯಾಗ ಕೊಡಂಗಿಲ್ಲ."

ಆ ಹದಿಮೂರು ದಿನ ಸಾಗಿಸಿದಷ್ಟು ಸರಕನ್ನು ನಾನು ಬಂದರಿನಲ್ಲೂ ಸಾಗಿಸಿರಲಿಲ್ಲ. ಧಾರಾವಿಯಿಂದ ಚೂರುಗಳ ಚೀಲ ಹೊತ್ತು ಲೋಕಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ಪಕ್ಕ ನಿಂತು ಜೋಗೇಶ್ವರಿಗೆ ಹೋಗುತ್ತಿದ್ದೆ. ಪುಟ್ಟಲಕ್ಷ್ಮಿ ನಮ್ಮ ಬಿಲ್ಡಿಂಗಿನ ಮನೆ ಮನೆಯಿಂದ ಹಳೆಯ ಸೀರೆ ಎತ್ತಿಕೊಂಡು ಬಂದಳು. ಹ್ಯಾಂಬರ್ಗಿಗೆ ಎಂದ ಕೂಡಲೇ ಜನ ಒಳ್ಳೊಳ್ಳೆಯ ಸೀರೆಯನ್ನೇ ಕೊಟ್ಟರು. ಎಂಟು ಹೆಂಗಸರು ಚಾಪೆಯ ಸುತ್ತ ಕೂತು, ಬಟ್ಟೆ ಎಳೆದು ಹಿಡಿದು, ಆ ಕಡೆಯಿಂದ ಈ ಕಡೆಗೆ ಹೊಲಿದುಕೊಂಡು ಬರುತ್ತಿದ್ದರು. ನನ್ನ ಪಾಲಿಗೆ ಬಂದ ಕೆಲಸ ಸೂಜಿಗೆ ದಾರ ಪೋಣಿಸಿಕೊಡುವುದು. ಕನ್ನಡಕ ಹಾಕಿಕೊಂಡು ಕೂತು ದಿನಕ್ಕೆ ಐವತ್ತು ಅರವತ್ತು ಸೂಜಿ ಪೋಣಿಸಿದೆ. ಕೊನೆಯ ಹೊಲಿಗೆ ಬಿದ್ದದ್ದು ಹೊರಡುವ ಹಿಂದಿನ ದಿನ ಮಧ್ಯಾಹ್ನ. ಮೂರು ಕೌದಿಯಲ್ಲೂ ಒಂದೊಂದು ಮೂಲೆ ಬಾಯಿ ಬಿಟ್ಟುಕೊಂಡಿತ್ತು. ತಿನ್ನುವ ಪದಾರ್ಥ ಏನೂ ಇಲ್ಲ ಎಂಬ ಸಾಲಿನ ಕೆಳಗೆ ಗುರುಬಾಯಿ ತಮ್ಮ ದಪ್ಪ ಅಕ್ಷರದಲ್ಲಿ ಸಹಿ ಹಾಕಿದರು.

ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಿ ಹ್ಯಾಂಬರ್ಗಿಗೆ ಇಳಿದೆವು. ಗುರುಬಾಯಿ ಪಾಸ್‌ಪೋರ್ಟ್ ನೋಡುವವನಿಂದ ಹಿಡಿದು ಕಸ ಗುಡಿಸುವವನ ತನಕ ಎಲ್ಲರಿಗೂ ಮೊಯಿನ್ ಎಂದರು, ಎಲ್ಲರೂ ನಕ್ಕು ವಾಪಸ್ ಮೊಯಿನ್ ಎಂದರು. ಸಾಮಾನು ರೂಮಿನಲ್ಲಿ ಹಾಕಿದ್ದೇ ತಡ ನಾನು ಅವರನ್ನು ಎಬ್ಬಿಸಿಕೊಂಡು ಹಡಗುಕಟ್ಟೆಗೆ ಹೊರಟೆ. ಮ್ಯಾಪ್ ತೆಗೆಯಲೇ ಇಲ್ಲ. ರೈಲಿಳಿದು ಮೆಟ್ಟಿಲು ಇಳಿದರೆ ಎದುರಿಗೆ ಎಲ್ಬ್. ಕಾಲ ಕೆಳಗೆ ಕಟ್ಟೆ ನಿಜವಾಗಿಯೂ ತೇಲುತ್ತಿತ್ತು. ಆಚೆ ದಡದಲ್ಲಿ ಕ್ರೇನುಗಳು, ಕಟ್ಟಡದಷ್ಟು ಎತ್ತರಕ್ಕೆ ಡಬ್ಬಿ ಪೇರಿಸಿಕೊಂಡ ಹಡಗುಗಳು, ಡೀಸೆಲ್ ಮತ್ತು ಮೀನಿನ ವಾಸನೆ. ನಾನು ಮೊಹರು ಒತ್ತಿ ಕಳಿಸಿದ್ದೆಲ್ಲ ಇಲ್ಲಿಗೆ ಬಂದು ಇಳಿಯುತ್ತಿತ್ತು. ಅಲ್ಲೇ ಕಂಬಿ ಹಿಡಿದು ನಿಂತು ಅತ್ತೆ. ಗುರುಬಾಯಿ ಸ್ವೆಟರಿನ ಮೇಲೆ ಸೆರಗು ಹೊದ್ದು, ನನ್ನ ಅಳು ಮುಗಿಯುವ ತನಕ ಹಡಗು ಎಣಿಸುತ್ತಾ ನಿಂತಿದ್ದರು. ಅಲ್ಲಿಂದ ಕೆಂಪು ಗೋದಾಮುಗಳಿಗೆ ನಡೆದೆವು. ಮೂರು ಸೇತುವೆ ದಾಟಿದೆವು. ನನಗೆ ದಾರಿ ಒಂದು ಕಡೆಯೂ ತಪ್ಪಲಿಲ್ಲ.

ಮೊದಲ ಭಾನುವಾರ ಉರ್ಸುಲಾ ಮನೆಗೆ ಕರೆದರು. ಊಟದ ಮೇಜಿನ ಮೇಲೆ ಅವರೇ ಮಾಡಿದ ಕಪ್ಪು ಬ್ರೆಡ್ ಇತ್ತು. ಗುರುಬಾಯಿ ಮೊದಲು ತಾವು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಹುಳಿ ಇದೆ, ಆದರೆ ಗಟ್ಟಿ ಇದೆ, ನಡೆಯುತ್ತದೆ ಎಂದರು. ಉರ್ಸುಲಾ ಕೌದಿ ತಂದು ಮೇಜಿನ ಮೇಲೆ ಹರವಿ, ತುತ್ತು ತಾನೇ ಇಡಬಹುದೇ ಎಂದು ಕೇಳಿದರು. ಗುರುಬಾಯಿ ಬೇಡ ಎಂದು ತಲೆ ಅಲ್ಲಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಕಿಗ ಹೇಳ್ರಿ. ಈ ಮನಷ್ಯಾ ನಿನ್ನ ಊರು ನೋಡೂ ಆಸೆಕ ನನ್ನ ಕೌದಿ ಕದ್ದು ಬಿಚ್ಚಿದಾಂವ. ಬಾಯಾಗಿನ ತುತ್ತು ತಗದಾಂವ. ನಿನ್ನ ರೊಟ್ಟಿ ನೀ ಕೊಡು, ಅಂವ ಇಡ್ತಾನ ಅಂತ ಹೇಳ್ರಿ."

ಆ ಮನೆಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನಾನು ಬೇರೆ ಏನಾದರೂ ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗುರುಬಾಯಿಗೂ ಅದು ತಿಳಿದಿತ್ತು, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಕದ್ದದ್ದನ್ನೂ ಹೇಳಿದೆ, ನಾನು ಬರೆದ ಮೇಲ್‌ನಲ್ಲಿ ಬಚ್ಚಿಟ್ಟದ್ದನ್ನೂ ಸೇರಿಸಿ ಹೇಳಿದೆ.

ಉರ್ಸುಲಾ ಬ್ರೆಡ್ಡಿನ ಅಂಚಿನಿಂದ ಉಗುರಿನಷ್ಟು ಮುರಿದು ನನ್ನ ಅಂಗೈಯಲ್ಲಿಟ್ಟರು. ಗುರುಬಾಯಿ ಕುರ್ಚಿ ಸರಿಸಿ ನನಗೆ ಜಾಗ ಮಾಡಿ, ಸೂಜಿಗೆ ದಾರ ಪೋಣಿಸಿ ಕೊಟ್ಟರು.